ಮಲ್ಲತ್ತಹಳ್ಳಿ ಕೆರೆಯಿಂದ ತಂದ ಬೆಕ್ಕು

ಆಗೆಲ್ಲ ನಮ್ಮ ಮಾರೇನಹಳ್ಳಿಯ ಬೀದಿಯಲ್ಲಿ ಬೆಕ್ಕಿಗೆ ಇಂಥದ್ದೇ ಮನೆ ಅಂತ ಇರಲಿಲ್ಲ. ನಮ್ಮ ಚಿನ್ನಿ ಬೆಳಗ್ಗೆ ನಮ್ಮಲ್ಲಿ ಹಾಲನ್ನ ತಿಂದು, ಮಧ್ಯಾಹ್ನ ಎದುರುಮನೆಯಲ್ಲಿ ಮೊಸರನ್ನ ಮುಗಿಸಿ, ಸಂಜೆ ಯಾರ ಮನೆಯ ಟಿವಿ ಬೆಚ್ಚಗಿದೆಯೋ ಅದರ ಮೇಲೆ ಮಲಗುತ್ತಿತ್ತು. ಕರೆಯುವ ಹೆಸರೂ ಮನೆಗೊಂದು.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ ಅದು ನಮ್ಮ ಅಟ್ಟದ ಮೇಲೆ, ಹಳೇ ಹಾಸಿಗೆಯ ಸುರುಳಿಯೊಳಗೆ ಮರಿ ಹಾಕಿತು. ಅಟ್ಟದ ತುಂಬ ನುಸಿಗುಳಿಗೆ ಮತ್ತು ಹಾಲಿನ ವಾಸನೆ. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಒಂದು ಸಂಜೆ ಚಿನ್ನಿ ಬರಲೇ ಇಲ್ಲ.

"ಬೆಕ್ಕು ಮರೀನ ಏಳು ಮನೆ ತಿರುಗಿಸುತ್ತೆ ಕಣೇ. ಜಾಗ ನೋಡೋಕೆ ಹೋಗಿರುತ್ತೆ, ಬರುತ್ತೆ ಬಿಡು," ಎಂದರು ಅಜ್ಜಿ. ಅದನ್ನು ನಂಬಿ ಯಾರೂ ಹುಡುಕಲಿಲ್ಲ. ಬೆಳಗಾದರೂ ಬರಲಿಲ್ಲ. ಹತ್ತಿಯ ಬತ್ತಿ ಹಾಲಿಗೆ ಅದ್ದಿ ಬಾಯಿಗಿಟ್ಟರೆ ಮರಿಗಳು ಚೀಪಲಿಲ್ಲ. ಅವು ಕೂಗಿದರೆ ನನಗೆ ಭಯ, ಕೂಗದಿದ್ದರೆ ಇನ್ನೂ ಭಯ. ಏಣಿಯ ಮೇಲೆ ಕೂತು ಕಿವಿಗೊಟ್ಟೇ ಇದ್ದೆ.

ಮಧ್ಯಾಹ್ನ ಅಪ್ಪ ಬೀದಿಯಲ್ಲಿ ವಿಚಾರಿಸಿದಾಗ ಮೂಲೆಮನೆಯ ಅಂಕಲ್ ಬಾಯಿಬಿಟ್ಟರು. "ಹಾಲಿನ ಪಾತ್ರೆ ಉರುಳಿಸಿತ್ತು ಸಾರ್. ಗೋಣಿಚೀಲಕ್ಕೆ ಹಾಕ್ಕೊಂಡು, ದಾರಿ ಗೊತ್ತಾಗ್ಬಾರ್ದು ಅಂತ ಮೂರು ಸುತ್ತು ತಿರುಗಿಸಿ, ಮಲ್ಲತ್ತಹಳ್ಳಿ ಕೆರೆ ಹತ್ರ ಬಿಟ್ಬಂದೆ. ಮರಿ ಹಾಕಿದೆ ಅಂತ ದೇವರಾಣೆ ಗೊತ್ತಿರ್ಲಿಲ್ಲ."

ನಮ್ಮ ಜನರ ಶಾಸ್ತ್ರವೇ ಹಾಗೆ. ಬೆಕ್ಕನ್ನು ಕೊಂದರೆ ಮಹಾಪಾಪ, ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು. ದೂರ ಬಿಟ್ಟು ಬಂದರೆ ಮಾತ್ರ ಯಾವ ದೋಷವೂ ಇಲ್ಲ. ಎಂಥ ಅನುಕೂಲದ ಶಾಸ್ತ್ರ!

ಅಪ್ಪ ಸ್ಕೂಟರ್ ತೆಗೆದರು. ಕೆರೆ ಏರಿಯ ಮೇಲೆ ನಿಂತು "ಚಿನ್ನೀ" ಎಂದು ಕೂಗಿದೆ. ಪೊದೆಗಳಿಂದ ಬೆಕ್ಕುಗಳ ಹಿಂಡೇ ಓಡಿಬಂತು. ಎಲ್ಲವೂ ಯಾರೋ ಹಾಗೇ ಬಿಟ್ಟುಹೋದವು, ಮನುಷ್ಯರ ದನಿ ಕೇಳಿದರೆ ಸಾಕಾಗಿತ್ತು ಅವಕ್ಕೆ. ಬಡಕಲು ಮೈ ನನ್ನ ಕಾಲಿಗೆ ಉಜ್ಜುತ್ತಿದ್ದರೆ ನಾನು ಅಪ್ಪನ ಅಂಗಿ ಹಿಡಿದುಕೊಂಡೆ. ಬೆಳಕು ಇಳಿಯುತ್ತಿತ್ತು, ಆಚೆ ನಾಯಿಗಳು ಬೊಗಳುತ್ತಿದ್ದವು. ಚಿನ್ನಿಯ ಹಾಗೇ ಬಿಳಿ ಮೈಗೆ ಹಳದಿ ಮಚ್ಚೆಯಿದ್ದ ಒಂದನ್ನು ಅಪ್ಪ ಎತ್ತಿಕೊಂಡು, "ಇದೇ ಕಣೇ, ನಡಿ ನಡಿ," ಎಂದು ಬುಟ್ಟಿಗೆ ಹಾಕಿದರು.

ಮನೆಯಲ್ಲಿ ಬುಟ್ಟಿ ತೆರೆದೊಡನೆ ಅಜ್ಜಿ ಹಣೆ ಚಚ್ಚಿಕೊಂಡರು. "ಅಯ್ಯೋ, ಇದು ನಮ್ದಲ್ವಲ್ಲೋ! ನಮ್ಮದರ ಬಾಲದ ತುದಿ ಮುರಿದಿತ್ತು."

ಅಷ್ಟರಲ್ಲಿ ಅಟ್ಟದಿಂದ ಮರಿಯೊಂದು ಸಣ್ಣಗೆ ಕೂಗಿತು. ಆ ಬೆಕ್ಕು ಒಂದೇ ನೆಗೆತಕ್ಕೆ ಏಣಿ ಹತ್ತಿ ಅಟ್ಟದ ಕತ್ತಲು ಸೇರಿತು. ಬೇರೆ ಬೆಕ್ಕಿನ ಮರಿಗಳನ್ನು ಬೆಕ್ಕು ಕಚ್ಚಿ ಕೊಲ್ಲುತ್ತದೆ ಎಂದು ಕೇಳಿದ್ದೆ. "ಅಪ್ಪಾ, ಹಿಡ್ಕೋ ಅದನ್ನ!" ಎಂದು ಕಿರುಚಿದೆ. ಅಪ್ಪ ಟಾರ್ಚ್ ಹಿಡಿದು ಹತ್ತಿದವರು ಸುಮ್ಮನೆ ನಿಂತುಬಿಟ್ಟರು. ಆ ಮೌನಕ್ಕೆ ಹೆದರಿದಷ್ಟು ನಾನು ಜೀವನದಲ್ಲಿ ಯಾವುದಕ್ಕೂ ಹೆದರಿಲ್ಲ.

"ಹಾಲು ಕುಡಿಸ್ತಾ ಇದೆ," ಎಂದರು ಕೊನೆಗೆ.

ನಾನು ಕುಣಿದೆ. ಅಜ್ಜಿ ಮಾತ್ರ ಕೂತಲ್ಲೇ ಕೂತಿದ್ದರು. "ಹಾಲಿದೆ ಅಂದ್ರೆ ಇದಕ್ಕೂ ಮರಿ ಇರ್ಬೇಕಲ್ಲೋ. ಅವು ಯಾರ ಮನೇಲಿ ಕೂಗ್ತಾ ಇದಾವೋ?"

ನಮ್ಮ ಮರಿಗಳು ಬದುಕಿದವು. ಅಪ್ಪ ಮತ್ತೆ ಮತ್ತೆ ಕೆರೆಗೆ ಹೋದರೂ ಚಿನ್ನಿ ಸಿಗಲಿಲ್ಲ. ಆ ಬೆಕ್ಕು ಬಹಳ ದಿನ, ಮರಿಗಳು ಮಲಗಿದ ಮೇಲೆ ಕಾಂಪೌಂಡಿನ ಮೇಲೆ ಕೂತು ಕೂಗುತ್ತಿತ್ತು.

ಈಗ ನನ್ನ ಫ್ಲ್ಯಾಟಿನ ಬೆಕ್ಕಿಗೆ ಮರಿಯಾಗದ ಹಾಗೆ ಆಪರೇಷನ್ ಆಗಿದೆ, ಬಾಲ್ಕನಿಗೆ ಬಲೆಯಿದೆ, ಕೊರಳಪಟ್ಟಿಯಲ್ಲಿ ನನ್ನ ಫೋನ್ ನಂಬರಿದೆ. ಇಡೀ ಬೀದಿಯನ್ನೇ ತನ್ನ ಮನೆ ಮಾಡಿಕೊಂಡ ಬೆಕ್ಕನ್ನು ನನ್ನ ಮಗಳು ನೋಡಿಲ್ಲ, ಅದಕ್ಕೆ ನನಗೆ ಬೇಸರವಿದೆ. ಆದರೂ ಪಟ್ಟಿ ಬಿಗಿಯುವಾಗಲೆಲ್ಲ ಕಾಂಪೌಂಡಿನ ಮೇಲಿನ ಆ ಕೂಗು ಕೇಳಿಸುತ್ತದೆ. ಅದರ ಮರಿಗಳಿದ್ದ ಮನೆಯನ್ನು ಹುಡುಕೋಣವೆಂದರೆ, ಅದರ ಕೊರಳಲ್ಲಿ ಏನೂ ಇರಲಿಲ್ಲ.