ಜೋಳದ ಹಿಟ್ಟಿನ ಜಾಗ

ಖಟಕ ಚಿಂಚೋಳಿಯ ಶಾಲುಬಾಯಿ ಬರಗಾಲದ ವರ್ಷ ಬೀದರಿಗೆ ಬಂದು, ಅಲ್ಲಿನ ನೌಬಾದ ಬಡಾವಣೆಯಲ್ಲಿ ಅಯ್ಯುಬನ ದೊಡ್ಡ ಕಿರಾಣಿ ಅಂಗಡಿಯ ಕಸಬರಿಗೆ ಹಿಡಿದಳು. ಎರಡೇ ತಿಂಗಳಲ್ಲಿ ಮಾಲಕನಿಗೇ ಬುದ್ಧಿ ಹೇಳತೊಡಗಿದಳು.

“ಸೇಠ, ಜೋಳದ ಹಿಟ್ಟಿನ ಪಾಕೀಟ ತರಸ್ರಿ. ದಿನಾ ಕೂಲಿಗಿ ಹೋಗೋ ಹೆಣ್ಮಕ್ಳು ಗಿರಣಿ ಮುಂದ ಯಾವಾಗ ಪಾಳಿ ಹಚ್ಚಬೇಕು?”

ಅಯ್ಯುಬ ನೂರು ಪಾಕೀಟು ತರಿಸಿದ. “ಇವು ಹೋದ್ರ ಮಾಲು ಜೋಡಸೋ ಕೆಲಸ ನಿಮ್ದು. ಹುಳ ಬಿದ್ರ ಮತ್ತ ಅದೇ ಕಸಬರಿಗಿ.”

ಶಾಲುಬಾಯಿಗೆ ಆ ಕೆಲಸ ಬೇಕಿತ್ತು. ಮೂವತ್ತು ವರ್ಷ ಅಡುಗೆಮನೆಯಲ್ಲಿ ಡಬ್ಬಿ ಜೋಡಿಸಿದ್ದನ್ನು ಯಾರೂ ಕೆಲಸವೆಂದು ಕರೆದಿರಲಿಲ್ಲ.

ಮಾರಾಟವಾಗಬೇಕಾದದ್ದು ಬಾಗಿಲೆದುರು, ಕಣ್ಣಿನ ಮಟ್ಟಕ್ಕಿರಬೇಕು ಎಂದು ಹಿಟ್ಟಿನ ಕಂಪನಿಯವನೊಬ್ಬ ಹೇಳಿ ಹೋಗಿದ್ದ. ಹಾಗೆಯೇ ಇಟ್ಟಳು. ಹತ್ತು ದಿನದಲ್ಲಿ ಮೂರು ಪಾಕೀಟು ಹೋದವು.

ಹನ್ನೊಂದನೆಯ ದಿನ, ಔರಾದ ಕಡೆಯಿಂದ ಬಂದು ಪಕ್ಕದ ಓಣಿಯಲ್ಲಿದ್ದ ಭಾಗೀರಥಿಬಾಯಿ ಒಂದನ್ನು ಎತ್ತಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಅವಳ ಊರಿನ ಮಾಣಿಕ ಬಂದು ನಿಂತ.

“ಏನ್ರಿ ವೈನಿ, ಮನ್ಯಾಗಿನ ಜೋಳದ ಹಗೇವು ಖಾಲಿ ಆತೇನ್ರಿ?”

“ಯಾಕ ಖಾಲಿ ಆಗ್ತದ? ನಾ ಸಾಬೂನ ಒಯ್ಲಾಕ ಬಂದೀನಿ!” ಕೆಂಡ ಮುಟ್ಟಿದವಳಂತೆ ಪಾಕೀಟು ಬಿಟ್ಟು, ಬೇಡದ ಸಾಬೂನು ಕೊಂಡು ಹೊರಟಳು.

ಶಾಲುಬಾಯಿಗೆ ತನ್ನ ತಪ್ಪು ತಿಳಿಯಿತು. ಜೋಳ ಬೆಳೆಯುವ ಮನೆಯ ಹೆಂಗಸು ಅಂಗಡಿಯ ಹಿಟ್ಟು ಕೊಂಡರೆ ಊರೆಲ್ಲ ಮಾತು. ಮಳೆ ಬಾರದಿದ್ದರೂ ಸೋಮಾರಿ ಅನ್ನಿಸಿಕೊಳ್ಳುವವಳು ಅವಳೇ.

ಪಾಕೀಟುಗಳನ್ನೆಲ್ಲ ಹಿಂದಿನ ಮೂಲೆಗೆ ಹೊತ್ತಳು. ಪಾತ್ರೆ ತಿಕ್ಕುವ ಪುಡಿ, ನೆಲ ಒರೆಸುವ ಬಟ್ಟೆ ಇರುವ ಆ ಜಾಗಕ್ಕೆ ಗಂಡಸರು ಕಾಲಿಟ್ಟವರಲ್ಲ. ಕಂಕುಳಲ್ಲಿ ಕೂಸಿದ್ದರೂ ಕೈಗೆಟಕುವಂತೆ ಸೊಂಟದ ಮಟ್ಟಕ್ಕೆ ಜೋಡಿಸಿದಳು. ಪಕ್ಕದಲ್ಲೇ ಬಟ್ಟೆಯ ಚೀಲಗಳನ್ನು ನೇತುಹಾಕಿದಳು. ಹಿಟ್ಟಿನ ಪಾಕೀಟು ಹಾಕಿದ ಚೀಲಕ್ಕೆ ಕೆಂಪು ದಾರ ಕಟ್ಟಿದರೆ, ಬಿಚ್ಚಿ ನೋಡದೆಯೇ ಗಲ್ಲಾದಲ್ಲಿ ಬಿಲ್ಲು ಮಾಡಬಹುದಿತ್ತು.

ಅಯ್ಯುಬ ಹಣೆ ಬಡಿದುಕೊಂಡ. “ಕಾಣದ ಮಾಲು ಯಾರ ಒಯ್ತಾರ?”

“ಗಂಡಸರಿಗಿ ಕಾಣಬಾರ್ದಂತನ ಅಲ್ಲಿಟ್ಟೀನ್ರಿ ಸೇಠ. ನೀವೂ ಆ ಕಡಿ ಬರಬ್ಯಾಡ್ರಿ.”

ಮರುದಿನ ಭಾಗೀರಥಿಬಾಯಿ ಪಾತ್ರೆಯ ಪುಡಿ ಹುಡುಕುತ್ತ ಮೂಲೆಗೆ ಹೋದಳು; ಕೆಂಪು ದಾರದ ಚೀಲ ಹಿಡಿದು, ತಲೆಯೆತ್ತಿ ಹೊರಬಂದಳು. ಅದರ ಮರುದಿನ ಮತ್ತಿಬ್ಬರನ್ನು ಕರೆತಂದಳು. ಎರಡನೆಯ ವಾರಕ್ಕೆ ಮೂಲೆ ಬರಿದಾಯಿತು.

“ಮತ್ತ ಎಷ್ಟ ತರಸ್ಲಿ, ಶಾಲುಬಾಯಿ?” ಅಯ್ಯುಬ ಕೇಳಿದ.

“ಎರಡ ನೂರ,” ಎಂದ ಶಾಲುಬಾಯಿ ಕೈಯಲ್ಲಿದ್ದ ಕಸಬರಿಗೆಯನ್ನು ಅವನತ್ತ ಚಾಚಿದಳು. “ಇನ್ನ ಮ್ಯಾಲ ಇದನ್ನ ನೀವು ಹಿಡೀರಿ. ನನಗ ಮಾಲು ಜೋಡಸೋದದ.”