ಹದಿಮೂರರ ಪಕ್ಕದ ಜಾಗ

ಅಕ್ಕಾರ ಬಲಗೈ ತೋರುಬೆರಳಿನ ಉಗುರು ಒಂದು ಬದಿಗೆ ಸವೆದಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಅದೇ ಉಗುರಿನಿಂದ ಗೆರೆಗಳನ್ನು ಹಿಂಬಾಲಿಸುತ್ತಿದ್ದರು. ಪರದೆಯ ತುಂಬ ಅದರ ಗೀರುಗಳಿದ್ದವು.

ಮುಧೋಳದ ವರ್ಕ್‌ಶಾಪೊಂದರಲ್ಲಿ, ಕಬ್ಬನ್ನು ಗಾಣದ ಬಾಯಿಗೆ ಒಯ್ಯುವ ಸರಪಳಿ ಯಂತ್ರಗಳ ನಕ್ಷೆಯನ್ನು ಕ್ಯಾಡ್‌ನಲ್ಲಿ ಬಿಡಿಸುತ್ತಿದ್ದವರು ಅವರು. ನಾನು ಅವರ ಕೈಕೆಳಗೆ ಕಲಿಯಲು ಸೇರಿದವಳು. ಜೋಡಣೆಯ ನಕ್ಷೆಯಲ್ಲಿ ಪ್ರತಿ ಭಾಗಕ್ಕೂ ಒಂದು ಗೆರೆ, ಗೆರೆಯ ತುದಿಗೊಂದು ದುಂಡು ಬಲೂನು, ಅದರೊಳಗೆ ನಂಬರು. ಬಲೂನುಗಳು ಸಾಲಾಗಿ ನಿಲ್ಲಬೇಕು. ಒಂದರ ಗೆರೆ ಇನ್ನೊಂದರ ಗೆರೆಯನ್ನು ದಾಟಬಾರದು. “ಮ್ಯಾಲ ಗೆರಿ ಜಗಳಾಡಿದ್ರ ಕೆಳಗ ಫಿಟ್ಟರ್‌ಗೋಳು ಜಗಳಾಡ್ತಾರವ್ವಾ” ಎನ್ನುತ್ತಿದ್ದರು.

ನಕ್ಷೆಯ ಮೂಲೆಯಲ್ಲಿ ‘ಬರೆದವರು’ ಎಂಬಲ್ಲಿ ಮಾತ್ರ ಮಾಲೀಕರ ಅಳಿಯನ ಹೆಸರಿರುತ್ತಿತ್ತು. ಆತ ಒಂದು ಗೆರೆಯನ್ನೂ ಎಳೆದವನಲ್ಲ. ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ. ಇವು ಅನ್ಯಾಯವೆಂದು ನಾನು ವಾದಿಸಿದಾಗ ಅಕ್ಕಾರು ತಲೆ ಎತ್ತದೆ, “ಮೊದ್ಲ ನಂಬರ್ ಹಚ್ಚು. ಆಮ್ಯಾಲ ಕ್ರಾಂತಿ ಮಾಡೋಣಂತ” ಎಂದಿದ್ದರು.

ಒಮ್ಮೆ ಒಂಬತ್ತನೆಯ ಬಲೂನು ಬಿಟ್ಟುಹೋಗಿತ್ತು. ಕೆಳಗೆ ನಕ್ಷೆ ನೋಡಿ ಭಾಗಗಳನ್ನು ಜೋಡಿಸುತ್ತಿದ್ದ ಸಾವಳಗಿಯ ಫಿಟ್ಟರ್ ಮೆಟ್ಟಿಲೇರಿ ಬಂದ. “ಅಕ್ಕಾರ, ಒಂಬತ್ತ ಊಟಕ್ಕ ಹೋಗೈತೇನ್ರಿ?”

“ನಿನ್ನ ಡಬ್ಬ್ಯಾಗ ಕುಂತಿರಬೇಕು. ತಗದ ನೋಡಪಾ.”

ಅದೇ ವರ್ಷ ಮಾಲೀಕರು ಹೊಸ ಯಂತ್ರದ ಸರಪಳಿಗೆ ಕೈ ಸಿಗದಂತೆ ಹಾಕುವ ಮುಚ್ಚಳ ಬೇಡವೆಂದರು. ತಗಡಿನ ಖರ್ಚು ದಂಡವಂತೆ. ಅಕ್ಕಾರು ವಾದಿಸಿ ಸೋತರು. ಹದಿನಾಲ್ಕನೆಯ ಭಾಗವಾಗಿದ್ದ ಮುಚ್ಚಳವನ್ನು ನಕ್ಷೆಯಿಂದ ಅಳಿಸಿದರು. ಮರುದಿನ ಕಣ್ಣು ತೋರಿಸಲೆಂದು ರಜೆ ಹಾಕಿ ತಮ್ಮೂರು ಜಮಖಂಡಿಯಲ್ಲೇ ಉಳಿದರು. ನಕ್ಷೆಯನ್ನು ಮುದ್ರಿಸಿ ಕೆಳಗೆ ಕಳಿಸುವ ಕೆಲಸ ನನ್ನದಾಯಿತು. ಹದಿಮೂರಕ್ಕೂ ಹದಿನೈದಕ್ಕೂ ನಡುವೆ ಒಂದು ಬಲೂನಿನಷ್ಟು ಜಾಗ ಖಾಲಿ ಇತ್ತು. ನಂಬರು ಸರಿಪಡಿಸಲು ಮರೆತಿದ್ದಾರೆಂದುಕೊಂಡೆ. ನಂಬರುಗಳನ್ನು ಹಿಂದಕ್ಕೆ ಸರಿಸಿದೆ. ಹದಿನೈದಾಗಿದ್ದ ಬೋಲ್ಟ್ ಹದಿನಾಲ್ಕಾಯಿತು. ಸಾಲು ಸಮನಾಯಿತು. ನನಗೆ ಹೆಮ್ಮೆಯೂ ಆಯಿತು.

ಈ ಸಲ ಯಾರೂ ಮೆಟ್ಟಿಲೇರಿ ಬರಲಿಲ್ಲ. ಯಂತ್ರವನ್ನು ಓಡಿಸಿ ನೋಡುವಾಗ ಆ ಫಿಟ್ಟರನ ಬಲಗೈಯ ಮೂರು ಬೆರಳು ಸರಪಳಿಗೆ ಸಿಕ್ಕಿ ಹೋದವು. ‘ಕಾರ್ಮಿಕನ ಅಜಾಗರೂಕತೆ’ ಎಂದು ಮಾಲೀಕರು ವರದಿ ಬರೆಸಿದರು.

ಅಕ್ಕಾರು ಬಂದು ನಕ್ಷೆ ಹರಡಿಕೊಂಡರು. ಉಗುರು ಹದಿಮೂರರಿಂದ ಹದಿನಾಲ್ಕಕ್ಕೆ ಹೋಗಿ ನಿಂತಿತು.

“ಸಾಲು ಛಲೋ ಬಂದೈತಿ. ಖಾಲಿ ಜಾಗಾ ನೋಡಿ ಅಂವಾ ಬಂದು ಕೇಳ್ತಾನಂತ ಬಿಟ್ಟಿದ್ನೆವ್ವಾ. ಅವನ ಕೈಲೆ ಮುಚ್ಚಳಾ ಹಾಕಸಾಕ ತಗಡೂ ತೆಗದಿಟ್ಟಿದ್ದೆ.”

ಮತ್ತೆಂದೂ ಅವರು ಆ ಮಾತೆತ್ತಲಿಲ್ಲ, ಯಾರಿಗೂ ಹೇಳಲಿಲ್ಲ. ನಾನು ಕೆಲಸ ಬಿಟ್ಟೆ. ಯಂತ್ರಗಳಿಗೆ ಮುಚ್ಚಳ ಹಾಕಿಸಬೇಕೆಂದು ಬನಹಟ್ಟಿಯ ಯಂತ್ರಮಗ್ಗಗಳ ಓಣಿಗಳಲ್ಲಿ ಸಹಿ ಸಂಗ್ರಹಿಸಿದೆ. ಪ್ರತಿ ಮನವಿಯಲ್ಲೂ ಮಾಲೀಕರ ತಪ್ಪನ್ನು, ವರದಿಯ ಸುಳ್ಳನ್ನು ಬರೆದೆ. ಆ ಸಮನಾದ ಸಾಲಿನ ಬಗ್ಗೆ ಬರೆಯಲಿಲ್ಲ.

ಕಳೆದ ವರ್ಷ ಅಕ್ಕಾರು ತೀರಿಕೊಂಡರು. ನನಗೆ ಅಳು ಬರಲಿಲ್ಲ. ಅವರ ಮನೆಯ ಅಂಗಳದಲ್ಲಿ ಆ ಫಿಟ್ಟರ್ ನನ್ನ ಪಕ್ಕಕ್ಕೆ ಬಂದು ನಿಂತ, ಬಲಗೈ ಜೇಬಿನಲ್ಲಿತ್ತು.

“ಖರೆ ಹೇಳ್ರಿ ಬಾಯಾರ, ಇಂಥವ್ರು ಅವತ್ತ ಮುಚ್ಚಳಾ ಹ್ಯಾಂಗ ಮರತ್ರು?”

“ಮರತಿರಲಿಲ್ಲ. ನೀವು ಬಂದು ಕೇಳ್ಲಿ ಅಂತ ಹದಿನಾಲ್ಕರ ಜಾಗಾ ಖಾಲಿ ಬಿಟ್ಟಿದ್ರು.”

“ಹದಿನಾಲ್ಕ ಬೋಲ್ಟ್ ಇತ್ತಲ್ರಿ.”

“ಬೋಲ್ಟ್ ಹದಿನೈದು. ಅದನ್ನ ಹದಿನಾಲ್ಕು ಮಾಡಿದಾಕಿ ನಾನು.”