ಜಾರುವುದನ್ನು ಕಲಿಸಿದವರು

ಕಳೆದ ಸೋಮವಾರ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್‌ನಲ್ಲಿ ನೆಲ ತೊಳೆಯುತ್ತಿದ್ದರು. ಸೋಪಿನ ನೀರು ಇನ್ನೂ ಆರಿರಲಿಲ್ಲ. ಯಾರೋ ಆತುರದಲ್ಲಿ ಕಾರು ತಿರುಗಿಸಿದರು, ಟೈರು ಕಿರ್ರೆಂದು ಕೂಗಿತು. ಸೋಪಿನ ವಾಸನೆಯ ಜೊತೆಗೆ ಬಿಸಿ ರಬ್ಬರಿನ ವಾಸನೆ ಎದ್ದಿತು. ಗುಡಿಗೆ ಹೊರಟಿದ್ದ ನಾನು ಹೂವಿನ ಬುಟ್ಟಿ ಹಿಡಿದುಕೊಂಡೇ ಕಂಬಕ್ಕೆ ಒರಗಿ ನಿಂತುಬಿಟ್ಟೆ. ಈ ಎರಡು ವಾಸನೆ ಒಟ್ಟಿಗೆ ನನ್ನ ಮೂಗಿಗೆ ಬಂದು ಇಪ್ಪತ್ತೈದು ವರ್ಷದ ಮೇಲಾಗಿತ್ತು...

ಆಗ ನಾವು ದೊಡ್ಡನೆಕ್ಕುಂದಿಯ ಹತ್ತಿರ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ತೊಂಬತ್ತರ ದಶಕದ ಮಾತು. ನಮ್ಮ ಹಿಂದಿನ ಸಾಲಿನ ಕೊನೆಯ ಮನೆಯಲ್ಲಿ ಅವರಿದ್ದರು. ಕಾರ್ಖಾನೆಯ ಆಂಬ್ಯುಲೆನ್ಸ್ ಓಡಿಸುತ್ತಿದ್ದರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಕಾಲೋನಿಯ ದೊಡ್ಡವರು ಚಿಕ್ಕವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಆಂಬ್ಯುಲೆನ್ಸ್ ಅಣ್ಣ ಎಂದೇ. ಆನೇಕಲ್ ಕಡೆಯವರು, ಮಾತಿನಲ್ಲಿ ಹಳ್ಳಿ ಹೋಗಿರಲಿಲ್ಲ. ಕೈ ಜಜ್ಜಿಕೊಂಡವರನ್ನು, ಎದೆ ಹಿಡಿದುಕೊಂಡವರನ್ನು ಮೂವತ್ತು ವರ್ಷ ಆಸ್ಪತ್ರೆಗೆ ಮುಟ್ಟಿಸಿದವರು.

ನಮ್ಮತ್ತೆಗೆ ಉಬ್ಬಸ. ಮನೆಯವರಿಗೆ ಶಿಫ್ಟು. ನಮ್ಮ ಕಡೆಗೆ ಆಟೋ ಕರೆದರೆ ಬರುವವರಿಲ್ಲ. ಹಾಗಾಗಿ ಮನೆಯವರು ಸಹೋದ್ಯೋಗಿಯೊಬ್ಬರ ಹಳೆಯ ಕಾರು ಕೊಂಡರು, ಹತ್ತೊಂಬತ್ತು ತುಂಬಿದ್ದ ಮಗಳನ್ನು ಡ್ರೈವಿಂಗ್ ಸ್ಕೂಲಿಗೆ ಸೇರಿಸಿದರು. ಸ್ಕೂಲಿನವರು ಇಪ್ಪತ್ತು ದಿನ ಕಲಿಸಿ, ಲೈಸೆನ್ಸ್ ಕೊಡಿಸಿ ಕೈ ತೊಳೆದುಕೊಂಡರು. ಆ ಲೈಸೆನ್ಸನ್ನು ನಾನು ದೇವರ ಮುಂದಿಟ್ಟು ವಿಭೂತಿ ಹಚ್ಚಿದೆ. ಸದ್ಯ, ಒಂದು ದಡ ಮುಟ್ಟಿತು ಅಂದುಕೊಂಡೆ.

ಆಂಬ್ಯುಲೆನ್ಸ್ ಅಣ್ಣನ ಪಾಠ ಅಲ್ಲಿಂದ ಶುರುವಾಗುತ್ತಿತ್ತು. ಲೈಸೆನ್ಸ್ ಇಲ್ಲದವರನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ. "ಗಾಡಿ ಮಾತು ಕೇಳೋವಾಗ ಯಾರು ಬೇಕಾದ್ರೂ ಓಡುಸ್ತಾರೆ ತಾಯಿ. ಮಾತು ಕೇಳ್ದಲೆ ಓದಾಗ ಏನ್ಮಾಡಬೇಕು, ಅದನ್ನ ಕಲೀಬೇಕು" ಎನ್ನುತ್ತಿದ್ದರು. ಕಾಸು ಮುಟ್ಟುತ್ತಿರಲಿಲ್ಲ, ಒಂದು ಲೋಟ ಕಾಫಿ ಸಾಕಿತ್ತು.

ಇಂಡಸ್ಟ್ರಿಯಲ್ ಏರಿಯಾದ ಹಿಂದೆ, ಮುಂದೆ ಬರಲಿರುವ ಶೆಡ್ಡುಗಳಿಗೆಂದು ಅಗಲವಾದ ಟಾರು ರಸ್ತೆ ಹಾಕಿ ಬಿಟ್ಟಿದ್ದರು. ಶೆಡ್ಡುಗಳು ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಹದಿನೆಂಟು ಹತ್ತೊಂಬತ್ತರ ಆರೇಳು ಮಕ್ಕಳು ಅಲ್ಲಿ ಸೇರುತ್ತಿದ್ದರು. ಖಾಲಿ ಪೇಂಟಿನ ಡಬ್ಬಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಹಾವಿನ ಹಾಗೆ ಕಾರು ತಿರುಗಿಸಬೇಕು. ಆಮೇಲೆ ಅಣ್ಣ ಬಟ್ಟೆ ಸೋಪು ಕರಗಿಸಿದ ನೀರನ್ನು ಡ್ರಮ್ಮಿನಿಂದ ಮೊಗೆದು ರಸ್ತೆಯ ಮೇಲೆ ಉದ್ದಕ್ಕೂ ಚೆಲ್ಲುತ್ತಿದ್ದರು. ಅದರ ಮೇಲೆ ವೇಗವಾಗಿ ಬಂದು ಬ್ರೇಕ್ ಒತ್ತಬೇಕು. ಕಾರು ಅಡ್ಡಕ್ಕೆ ಜಾರಬೇಕು. ಆಗ ಬ್ರೇಕ್ ಬಿಟ್ಟು, ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿ, ಗಾಡಿ ನೇರವಾದ ಮೇಲೆ ಬಿಟ್ಟು ಬಿಟ್ಟು ಬ್ರೇಕ್ ಒತ್ತಿ ನಿಲ್ಲಿಸಬೇಕು.

ನನಗೆ ತಲೆ ಬುಡ ಅರ್ಥವಾಗುತ್ತಿರಲಿಲ್ಲ. ಶಿವನೇ ಜಾರದಂತೆ ಕಾಪಾಡು ಎಂದು ದಿನಾ ಬೇಡುವವಳು ನಾನು. ಇವರು ಬೇಕೆಂದೇ ಜಾರಿಸುತ್ತಿದ್ದರು. ಕೇಳಿದ್ದಕ್ಕೆ, "ಈಗ ಇಲ್ಲಿ ಜಾರಲಿ ಬಿಡಿ" ಎಂದಷ್ಟೇ ಹೇಳಿ ಡಬ್ಬ ಎತ್ತಿಡಲು ಹೋದರು.

ಒಂದು ಸಲ ಮಗಳು ಸಾಲಾಗಿ ಮೂರು ಡಬ್ಬ ಉರುಳಿಸಿದಳು. ಮುಂದಿನ ಬ್ಲಾಕಿನ ಹುಡುಗನೊಬ್ಬ, "ಮಚ್ಚಾ, ಇನ್ನೆರಡು ಹೊಡೆದ್ರೆ ಅವಳ ಮನೆಗೆಲ್ಲಾ ಪೇಂಟಿಂಗ್ ಆಗೋಯ್ತು ಕಣೋ" ಎಂದು ನಕ್ಕ. "ನಿನ್ನ ಸರದಿ ಬರ್ಲಿ ಗುರು, ಸುಣ್ಣ ಒಡೆಯೋಕೆ ನಿನ್ನೇ ಕರೀತಾಳೆ" ಎಂದರು ಅಣ್ಣ. ಮಗಳಿಗೆ ಮಾತ್ರ ಬೇರೆ ಹೇಳಿದರು: "ಡಬ್ಬ ನೋಡ್ತೀಯಾ, ಅದಕ್ಕೇ ಡಬ್ಬಕ್ಕೆ ಓಯ್ತೀಯಾ. ಎಲ್ಲಿಗೆ ಓಗಬೇಕೋ ಅಲ್ಲಿ ನೋಡು ಮಗಾ."

ಕಾರು ಹತ್ತುವ ಮೊದಲು ಅವರದೊಂದು ನಿಯಮ. ಒಳಗಿರುವುದೆಲ್ಲ ಹೊರಗೆ ಬರಬೇಕು. ನೀರಿನ ಬಾಟಲಿ, ಛತ್ರಿ, ಚಪ್ಪಲಿ ಜೋಡಿ, ಏನೂ ಇರಬಾರದು. ಕೈಯಲ್ಲಿ ತಡಕಿ ಸೀಟಿನ ಕೆಳಗೂ ನೋಡುತ್ತಿದ್ದರು. ಕನ್ನಡಿಗೆ ನಾನು ಕಟ್ಟಿದ್ದ ರುದ್ರಾಕ್ಷಿಯನ್ನೂ ಬಿಚ್ಚಿ ನನ್ನ ಅಂಗೈಗೆ ಹಾಕಿದರು. "ಕಣ್ಣಿಗೆ ಅಡ್ಡ ಬತ್ತದೆ ತಾಯಿ, ನಿಮ್ಮ ಕೊರಳಲ್ಲೇ ಇರ್ಲಿ." ಮೆತ್ತಗೆ ಹೇಳಿದರೂ ನನಗೆ ಚುಚ್ಚಿತು. ದೇವರನ್ನು ಇಳಿಸಿ ಹೊರಡುವ ಪ್ರಯಾಣ ಎಂಥದ್ದು ಎಂದು ಎರಡು ದಿನ ಒಳಗೊಳಗೇ ಕುದ್ದೆ.

ಮಗಳ ಪಾಠದ ಕೊನೆಯ ಭಾನುವಾರ ಅಮಾವಾಸ್ಯೆ ಬಂತು. ಬೇಡ, ಮುಂದಿನ ವಾರ ನೋಡೋಣ ಎಂದೆ. "ಅಮಾಸೆ ದಿನ ರಸ್ತೇಲಿ ಜನ ಕಮ್ಮಿ, ಒಳ್ಳೇದೇ ಅಲ್ವಾ" ಎಂದರು ಅಣ್ಣ. ಮನೆಯವರೂ ನಕ್ಕರು. ಆ ದಿನ ಬೆಳಗಿನ ಜಾವವೇ ನಾನು ಊರೊಳಗಿನ ಅಮ್ಮನ ಗುಡಿಗೆ ಹೋಗಿ ನಿಂಬೆಹಣ್ಣು ಪೂಜೆ ಮಾಡಿಸಿಕೊಂಡು ಬಂದೆ. ದೊಡ್ಡದು, ಇನ್ನೂ ಕಾಯಿಗಟ್ಟಿಯಾಗಿತ್ತು. ಪೂಜಾರಿ ಅದರ ತುಂಬ ಕುಂಕುಮ ಮೆತ್ತಿ ಕೊಟ್ಟಿದ್ದರು. ಅಣ್ಣ ಕಾರಿನ ಒಳಗೆಲ್ಲ ತಡಕಿ ನೋಡಿ, ಮಗಳ ಪಕ್ಕದಲ್ಲಿ ಕೂರಲು ಆಚೆ ಬದಿಗೆ ಹೋದರು. ಆಗ ಮಗಳ ಕೈಗೆ ಕರ್ಚೀಫು ಕೊಡುವ ನೆಪದಲ್ಲಿ ಬಗ್ಗಿ, ಹಣ್ಣನ್ನು ಅವಳ ಸೀಟಿನ ಕೆಳಗೆ ತಳ್ಳಿದೆ. ಅವಳಿಗೂ ಗೊತ್ತಾಗಲಿಲ್ಲ. ಅಮ್ಮ ನೋಡಿಕೊಳ್ಳುತ್ತಾಳೆ ಎಂದು ಕಾಫಿ ಫ್ಲಾಸ್ಕು ಹಿಡಿದು ರಸ್ತೆಯ ಪಕ್ಕ ನಿಂತೆ.

ಕಾರು ಡಬ್ಬಗಳನ್ನು ಸಲೀಸಾಗಿ ದಾಟಿತು. ಸೋಪಿನ ನೀರಿನ ಮೇಲೆ ಬಂತು, ಜಾರಿತು, ನೇರವೂ ಆಯಿತು. ನನ್ನ ಜೀವ ತಣ್ಣಗಾಯಿತು. ಆದರೆ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಹಾಗೇ ಮುಂದೆ ಹೋಗುತ್ತಲೇ ಇತ್ತು. ರಸ್ತೆಯ ಅಂಚು ದಾಟಿ ಅಲ್ಲಿದ್ದ ಮರಳಿನ ಗುಡ್ಡೆಗೆ ನುಗ್ಗಿ ನಿಂತಿತು...

ಓಡಿದೆ. ಮಗಳ ಹುಬ್ಬು ಸೀಳಿ ರಕ್ತ ಸುರಿಯುತ್ತಿತ್ತು. ಕಣ್ಣಿಗಿಂತ ಒಂದು ಬೆರಳು ಮೇಲೆ. ಕಣ್ಣು ಉಳಿದಿತ್ತು, ಹಲ್ಲು ಉಳಿದಿತ್ತು, ಮಾತಾಡುತ್ತಿದ್ದಳು. ಹ್ಯಾಂಡ್ ಬ್ರೇಕ್ ಎಳೆದವರು ಅಣ್ಣ. ಎಳೆದ ಕೈ ಮುಂದಕ್ಕೆ ಬಡಿದು ಮಣಿಕಟ್ಟು ಮುರಿದಿತ್ತು. ಮಗಳನ್ನು ನಾವು ಇಳಿಸಿಕೊಳ್ಳುವಾಗ ಅವರು ಒಳಗೇ ಕೂತು, ಮುರಿಯದ ಎಡಗೈಯನ್ನು ಚಾಚಿ ಬ್ರೇಕಿನ ಹತ್ತಿರ ಬಗ್ಗಿದ್ದನ್ನು ನಾನು ನೋಡಿದೆ. ಆಮೇಲೆ ಇಳಿದು, ಓಡಿ ಬಂದವರ ಮುಂದೆ, "ನೀರು ಜಾಸ್ತಿ ಸುರಿದ್ಬುಟ್ಟೆ. ತಪ್ಪು ನಂದು" ಎಂದರು.

ಸಂಜೆ ಕಾರು ಮನೆಗೆ ಬಂದಾಗ ಒಬ್ಬಳೇ ಹೋಗಿ ಹುಡುಕಿದೆ. ಹಣ್ಣು ಇರಲಿಲ್ಲ. ಬ್ರೇಕಿನ ಕೆಳಗೆ, ರಬ್ಬರ್ ಮ್ಯಾಟಿನ ಮೇಲೆ ಒಂದು ಗೆರೆ ಕುಂಕುಮವಿತ್ತು. ಸೆರಗಿನಿಂದ ಒರೆಸಿಬಿಟ್ಟೆ.

ಆ ವಾರ ಕಾಲೋನಿಯ ಸಂಘದವರು ಸಭೆ ಕರೆದರು. ಮಕ್ಕಳ ಜೀವದ ಜೊತೆ ಆಟವಾಡುತ್ತಾರೆ ಎಂದು ಒಬ್ಬರು, ವಯಸ್ಸಾಯಿತು ಬುದ್ಧಿ ಬೇಡವೇ ಎಂದು ಇನ್ನೊಬ್ಬರು. ಅಣ್ಣ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕಾರ್ಯದರ್ಶಿ ನನ್ನ ಕಡೆ ತಿರುಗಿ, "ನೀವು ಅಲ್ಲೇ ಇದ್ರಲ್ಲಾ ಮೇಡಂ, ಏನಾಯ್ತು ಹೇಳಿ" ಎಂದರು.

"ಜಾರಿತು" ಎಂದೆ.

ಅಷ್ಟೇ ನನ್ನ ಬಾಯಿಂದ ಬಂದದ್ದು. ಭಾನುವಾರದ ಪಾಠ ನಿಂತುಹೋಯಿತು. ಮಣಿಕಟ್ಟು ಸರಿಯಾಗಿ ಕೂಡಲಿಲ್ಲ. ಅಣ್ಣನಿಗೆ ಮತ್ತೆ ಆಂಬ್ಯುಲೆನ್ಸ್ ಕೊಡಲಿಲ್ಲ. ಉಳಿದ ತಿಂಗಳುಗಳನ್ನು ಅವರು ಕಾರ್ಖಾನೆಯ ಗೇಟಿನಲ್ಲಿ ಒಳಗೆ ಬಂದ ಲಾರಿಗಳ ನಂಬರು ಬರೆದುಕೊಳ್ಳುತ್ತಾ ಕಳೆದರು.

ಯಾಕೆ ಹೇಳಲಿಲ್ಲ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಾಚಿಕೆ ಇತ್ತು, ಅತ್ತೆಯ ಭಯವೂ ಇತ್ತು. ಅದಕ್ಕಿಂತ ಹೆಚ್ಚಾಗಿ ನನಗೇ ಗೊಂದಲ. ಅಮ್ಮನ ಹಣ್ಣು ಅಮ್ಮನ ಮಗುವನ್ನೇ ನೋಯಿಸುತ್ತದೆಯೇ? ಏಟು ಕಣ್ಣಿಗೆ ಬೀಳದೆ ಹುಬ್ಬಿಗೆ ಬಿದ್ದದ್ದು ಆ ಹಣ್ಣಿನಿಂದಲೇ ಏಕಿರಬಾರದು? ಕಲ್ಲಿನ ರಾಶಿ ಇರಬಹುದಾಗಿದ್ದ ಕಡೆ ಮರಳನ್ನು ಇಟ್ಟವರು ಯಾರು? ಹೀಗೆ ಯೋಚಿಸಿದರೆ ಸಮಾಧಾನವಾಗುತ್ತಿತ್ತು. ಆಮೇಲೆ ಗೇಟಿನಲ್ಲಿ ಎಡಗೈಯಲ್ಲಿ ಬರೆಯುತ್ತಾ ಕೂತವರು ಕಣ್ಣಿಗೆ ಬಿದ್ದರೆ ಆ ಸಮಾಧಾನ ಉಳಿಯುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಚಂದಾಪುರದಲ್ಲಿ ಸಣ್ಣ ಮನೆ ಬಾಡಿಗೆಗೆ ಹಿಡಿದರು. ಮನಸ್ಸು ತಡೆಯದೆ ಒಂದು ದಿನ ಶೇಂಗಾ ಹೋಳಿಗೆ ಕಟ್ಟಿಕೊಂಡು ಎರಡು ಬಸ್ಸು ಬದಲಾಯಿಸಿ ಹೋದೆ. ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಲಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

"ಅಣ್ಣಾ, ಅವತ್ತು ಕಾರಿನಲ್ಲಿ ನಾನು..." ಎಂದೆ.

"ಮಗ ಗಾಡಿ ಓಡುಸ್ತಾವ್ಳಾ?" ಎಂದು ಅಡ್ಡ ಕೇಳಿದರು.

ಇಲ್ಲ, ಹೆದರಿಕೊಂಡಿದ್ದಾಳೆ, ಕೀಲಿಯನ್ನೇ ಮುಟ್ಟುವುದಿಲ್ಲ ಎಂದೆ. ಅವರ ಮುಖ ಅಷ್ಟು ಬಾಡಿದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಸಭೆಯಲ್ಲೂ ಹಾಗಾಗಿರಲಿಲ್ಲ. ಮೊರ ಪಕ್ಕಕ್ಕಿಟ್ಟು ಎದ್ದರು. "ಅಂಗಾಗಬಾರ್ದು ತಾಯಿ. ಭಾನುವಾರ ಕಳುಸ್ಕೊಡಿ. ಯಾರಿಗೂ ಯೋಳಬ್ಯಾಡಿ, ನಾನು ಪಕ್ದಲ್ಲಿ ಕೂತ್ಕೊಂಡಿರ್ತೀನಿ."

ಆಮೇಲೆ ಐದು ಭಾನುವಾರ ಮಗಳು ಹೋದಳು, ಅಪ್ಪನ ಜೊತೆ ಕಾರಿನಲ್ಲಿ. ಹೋಗುವಾಗ ಅಪ್ಪ ಓಡಿಸುತ್ತಿದ್ದರು. ಐದನೆಯ ವಾರ ಬರುವಾಗ ಅವಳು ಓಡಿಸಿಕೊಂಡು ಬಂದಳು. ಆ ವರ್ಷ ಅತ್ತೆಗೆ ಉಬ್ಬಸ ಜೋರಾದಾಗ ಆಸ್ಪತ್ರೆಗೆ ಮುಟ್ಟಿಸಿದವಳು ಅವಳೇ. ಶಿವನಿಗೆ ಕೈ ಮುಗಿದೆ. ಚಂದಾಪುರದ ದಿಕ್ಕಿಗೂ ಮುಗಿಯಬೇಕಿತ್ತು...

ನನ್ನ ಮಾತು ಮಾತ್ರ ಹಾಗೇ ಉಳಿಯಿತು. ಅವರಿಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿದ್ದರೆ ಹಣ್ಣನ್ನು ಏನು ಮಾಡಿದರು? ನನ್ನ ಮಾನ ಉಳಿಸಲು ಸುಮ್ಮನಿದ್ದರೋ, ಇಲ್ಲ ನಾನು ಹೇಳಲೆಂದು ಕಾಯುತ್ತಿದ್ದರೋ? ಇನ್ನೊಮ್ಮೆ ಹೋಗಿ ಕೇಳೋಣವೆಂದು ದಿನ ತಳ್ಳಿದೆ. ಮೂರು ವರ್ಷದ ನಂತರ ಅವರು ಹೋಗಿಬಿಟ್ಟರಂತೆ. ನಮಗೆ ತಿಳಿದದ್ದು ತಿಂಗಳು ಕಳೆದ ಮೇಲೆ.

ಪಾರ್ಕಿಂಗ್‌ನಲ್ಲಿ ಆ ವಾಸನೆ ಬಂದ ದಿನವೇ ಸಂಜೆ ಮಗಳು ಬಂದಿದ್ದಳು. ಈಗ ಅವಳ ಮಗಳಿಗೇ ಹದಿನೆಂಟು ತುಂಬಿ ಲೈಸೆನ್ಸ್ ಬಂದಿದೆ. ಜಾರಿದಾಗ ಏನು ಮಾಡಬೇಕೆಂದು ನೀನೇ ಹೇಳಿಕೊಡು, ನಿನಗೆ ಅಣ್ಣ ಕಲಿಸಿದ್ದಾರಲ್ಲ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ನಾನ್ಯಾವ ಬಾಯಲ್ಲಿ ಕಲಿಸ್ಲಿ ಅಮ್ಮಾ? ಅವತ್ತು ಬ್ರೇಕ್ ಒತ್ತಿದೀನಿ ಅನ್ಕೊಂಡೆ, ಒತ್ತಿರಲೇ ಇಲ್ಲ. ಹೆದರಿ ಕಾಲು ಮರಗಟ್ಟೋಗಿತ್ತು. ಅವರು ನನ್ನ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡ್ರು. ಚಂದಾಪುರದಲ್ಲಿ ಎಷ್ಟು ಕೇಳಿದ್ರೂ ನೀರು ಜಾಸ್ತಿಯಾಗಿತ್ತು ಅಂತಾನೇ ಅಂದ್ರು."

ಇಷ್ಟು ವರ್ಷ ಅವಳು ಇದನ್ನು ಹೊತ್ತುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ. ಅಮಾವಾಸ್ಯೆ, ಕರ್ಚೀಫು, ನಿಂಬೆಹಣ್ಣು, ಮ್ಯಾಟಿನ ಮೇಲಿನ ಕುಂಕುಮ, ಸಭೆಯಲ್ಲಿ ನಾನು ಆಡಿದ ಆ ಒಂದೇ ಮಾತು.

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹುಬ್ಬಿನ ಮೇಲಿನ ಗೆರೆಯನ್ನು ಬೆರಳಿನಿಂದ ಸವರಿಕೊಂಡಳು.

"ಹಂಗಾದ್ರೆ ನಾನು ಸರಿಯಾಗೇ ಒತ್ತಿದ್ನಾ?" ಎಂದಳು.

ಹೂಂ ಕಣೆ ಎನ್ನಲು ಬಾಯಿ ತೆರೆದೆ. ಆದರೆ ನಾನು ನೋಡಿದ್ದು ಹೊರಗಿನಿಂದ, ಕೈಯಲ್ಲಿ ಫ್ಲಾಸ್ಕು ಹಿಡಿದುಕೊಂಡು. ಅವಳ ಪಕ್ಕದಲ್ಲಿ ಕೂತು ಅವಳ ಕಾಲು ನೋಡಿದವರು ಒಬ್ಬರೇ. ಅವರಿದ್ದಾಗ ನಾನು ಕೇಳಲಿಲ್ಲ.

"ಗೊತ್ತಿಲ್ಲ ಮಗಳೇ" ಎಂದೆ.